ಗವಿ ಕೇಳುವುದು, ಕೆಫೆ ಕೇಳುವುದು

ಬೆಂಗಳೂರಿನಲ್ಲಿ ಈಗ ಕತೆಯೊಳಗೆ ಕೂತು ಕಾಫಿ ಕುಡಿಯಬಹುದು. ಒಂದು ಕೆಫೆಯ ಬಾಗಿಲೇ ಮರದ ಪೊಟರೆ. ಇನ್ನೊಂದರಲ್ಲಿ ಸೂರಿನಿಂದ ತೆರೆದ ಪುಸ್ತಕಗಳು ಇಳಿಬಿದ್ದಿರುತ್ತವೆ. ಮತ್ತೊಂದರಲ್ಲಿ ಮಂತ್ರವಿದ್ಯೆಯ ಶಾಲೆಯ ಊಟದ ಮನೆಯನ್ನು ನೆನಪಿಸುವ ಉದ್ದನೆಯ ಮೇಜು, ಗೋಡೆ ತುಂಬ ಆಲಿಸ್ ಜಾರಿಬಿದ್ದ ಬಿಲದ ಚಿತ್ರ. ಇವುಗಳ ಜೊತೆಗೇ ‘ಯಾರಿಗೂ ಗೊತ್ತಿಲ್ಲದ ಜಾಗಗಳು’ ಎಂಬ ಪಟ್ಟಿಗಳೂ ಮೊಬೈಲುಗಳಲ್ಲಿ ಓಡಾಡುತ್ತವೆ: ಹಳೆಯ ಬಂಗಲೆಯ ಹಿತ್ತಲು, ಪುಸ್ತಕದಂಗಡಿಯ ಮಹಡಿ, ಪೇಟೆಯ ಸಂದಿಯೊಳಗಿನ ಗುಡಿ. ಪಟ್ಟಿಯನ್ನು ಸಾವಿರಾರು ಜನ ನೋಡಿದ ಮೇಲೆ ಗುಟ್ಟು ಉಳಿದದ್ದೆಲ್ಲಿ ಎಂದು ಯಾರೂ ಕೇಳುವುದಿಲ್ಲ. ರಾಯಚೂರು, ದೇವದುರ್ಗ, ಮಾನ್ವಿಯ ಕಡೆಯಿಂದ ಕೆಲಸಕ್ಕೆಂದು ಹೋದ ಹುಡುಗ ಹುಡುಗಿಯರು ಭಾನುವಾರ ಇಂಥಲ್ಲಿಗೆ ಹೋಗಿ ಫೋಟೊ ಕಳಿಸಿದರೆ ಊರಲ್ಲಿ ಹಿರಿಯರು, “ಒಂದು ಕಪ್ ಚಾಕ್ಕ ಇಷ್ಟು ರೊಕ್ಕ ಕೊಟ್ಟು ಗ್ವಾಡಿ ನೋಡಾಕ ಹೋಗಿರೇನು?” ಅನ್ನುವುದುಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಳುವ ಹಿರಿಯರೂ ಬಸ್ ಚಾರ್ಜು ಕೊಟ್ಟು, ದಿನದ ಕೂಲಿ ಬಿಟ್ಟು, ಕತೆಯಿರುವ ಜಾಗಗಳಿಗೆ ಹೋಗಿಬರುವವರೇ. ಅವರ ಯಾತ್ರೆಗೂ ಮಕ್ಕಳ ಕೆಫೆಗೂ ಏನು ವ್ಯತ್ಯಾಸ? ಒಂದು ಭಕ್ತಿ, ಇನ್ನೊಂದು ಷೋಕಿ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಹೇಳಲು ಆಧಾರವೇನು ಎಂದು ಹುಡುಕಿದರೆ ಮಾತು ಧರ್ಮದ ಬುಡಕ್ಕೇ ಹೋಗುತ್ತದೆ.

ಹಿರಿಯರು ಹೋಗಿಬರುವ ಜಾಗಗಳಲ್ಲೊಂದು ದೇವದುರ್ಗ ತಾಲ್ಲೂಕಿನ ಗೂಗಲ್, ಕೃಷ್ಣೆಯ ದಂಡೆಯ ಊರು. ಹೆಸರು ಕೇಳಿ ಅಮೆರಿಕದ ಕಂಪನಿಯನ್ನು ನೆನೆದು ನಗುವವರಿದ್ದಾರೆ. ಕಂಪನಿ ಹುಟ್ಟಿದ್ದು 1998ರಲ್ಲಿ, ಊರು ಅದಕ್ಕಿಂತ ಬಹಳ ಹಳೆಯದು, ಆ ತಮಾಷೆಗೆ ಇಷ್ಟು ಸಾಕು. ಇಲ್ಲಿನ ಗವಿಯಲ್ಲಿ ಅಲ್ಲಮಪ್ರಭು ತಪಸ್ಸಿಗೆ ಕೂತಿದ್ದ, ಇಲ್ಲಿಂದ ಶ್ರೀಶೈಲದತ್ತ ಹೋದ ಎಂಬುದು ಊರವರ ನಂಬಿಕೆ. ಪ್ರಭುವಿನ ಗುಡಿ ನಿಂತಿರುವುದು ಆ ನಂಬಿಕೆಯ ಮೇಲೆ. ಗೂಗಲ್ ದಾಟಿದ ಹೊಳೆ ಮುಂದೆ ಶ್ರೀಶೈಲದ ಕೆಳಗೇ ಹರಿದುಹೋಗುವುದರಿಂದ ನಂಬಿಕೆಗೆ ಭೂಗೋಳದ ಬೆಂಬಲವೂ ಇದೆ. ಈ ಸೀಮೆಯಲ್ಲಿ ಇಂಥ ತಾಣಗಳಿಗೆ ಬರವಿಲ್ಲ. ರಾಯಚೂರಿನ ಬಳಿಯ ಹೊಳೆಗಡ್ಡೆ ಕುರುವಪುರ ದತ್ತ ಪರಂಪರೆಯ ಗುರು ಶ್ರೀಪಾದ ಶ್ರೀವಲ್ಲಭರದು. ಮಾನ್ವಿಯಲ್ಲಿ ‘ಹರಿಕಥಾಮೃತಸಾರ’ದ ಕರ್ತೃ ಜಗನ್ನಾಥದಾಸರು (1728–1809) ಒಂದು ಕಂಬದಲ್ಲಿ ಸನ್ನಿಹಿತರಾಗಿದ್ದಾರೆಂದು ಭಕ್ತರು ಆ ಕಂಬಕ್ಕೇ ಪೂಜೆ ಸಲ್ಲಿಸುತ್ತಾರೆ. ಪಕ್ಕದ ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಸುತ್ತ ಇಡೀ ಕಿಷ್ಕಿಂಧೆಯೇ ಇದೆ: ಅಂಜನಾದ್ರಿ, ಪಂಪಾಸರೋವರ, ಶಬರಿಯ ಗವಿ. ತುಂಗಭದ್ರೆಯ ಆಚೆ ಹಂಪಿಯ ಕಡೆ ಸುಗ್ರೀವನ ಗುಹೆಯ ಬಳಿ ಬಂಡೆಯ ಮೇಲಿನ ಬಿಳಿ ಪಟ್ಟೆಯನ್ನು ತೋರಿಸಿ, ಸೀತೆಯ ಸೆರಗು ಎಳೆದುಹೋದ ಗುರುತು ಎನ್ನುತ್ತಾರೆ. ಓದಿದ ಕತೆಯೊಂದು ಕಣ್ಣೆದುರಿನ ಕಲ್ಲಾಗಿ ಸಿಗಬೇಕು ಎಂಬ ಆಸೆ ಕೆಫೆಗಳ ಕಾಲದ್ದಲ್ಲ ಎನ್ನಲು ಆ ಪಟ್ಟೆಯೊಂದೇ ಸಾಕು.

ಗುಪ್ತವಾದ ಜಾಗವೊಂದು ದಿಢೀರನೆ ತೆರೆದುಕೊಳ್ಳುವ ಕನ್ನಡದ ಅತ್ಯಂತ ದೊಡ್ಡ ಕತೆ ಅಲ್ಲಮನದೇ. ಹರಿಹರ ತನ್ನ ‘ಪ್ರಭುದೇವರ ರಗಳೆ’ಯಲ್ಲಿ ಅದನ್ನು ಹೇಳುತ್ತಾನೆ. ಬಳ್ಳಿಗಾವೆಯಲ್ಲಿ ಮದ್ದಳೆ ಬಾರಿಸುವ ಅಲ್ಲಮ, ಅವನು ಮನಸೋತು ಮದುವೆಯಾದ ಕಮಲತೆ. ಜ್ವರ ಬಂದು ಕಮಲತೆ ಸಾಯುತ್ತಾಳೆ. ಅಲ್ಲಮ ಮರುಳನಂತೆ ಅಲೆದು, ಊರ ಹೊರಗಿನ ತೋಟದಲ್ಲಿ ಕೂತು, ಸುಮ್ಮನೆ ಕಾಲಬೆರಳ ಉಗುರಿನಿಂದ ನೆಲ ಕೆರೆಯುತ್ತಿರುತ್ತಾನೆ. ಮಣ್ಣಿನಡಿಯಿಂದ ಕಳಸವೊಂದು ಕಾಣುತ್ತದೆ. ಅಗೆಸಿದರೆ ಹೂತುಹೋದ ಗುಡಿ, ಮುಚ್ಚಿದ ಬಾಗಿಲು. ಬಾಗಿಲನ್ನು ಒದ್ದು ಒಳಹೊಕ್ಕರೆ ಅಂಗೈಯಲ್ಲಿ ಲಿಂಗ ಹಿಡಿದು, ರೆಪ್ಪೆ ಮಿಟುಕಿಸದೆ ಕೂತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷನ ಪ್ರಾಣ ಹೋಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು ಮೂರಿವೆ. ಅಲ್ಲಮ ಗುಟ್ಟಿನ ಜಾಗ ಹುಡುಕಿಕೊಂಡು ಹೋದವನಲ್ಲ, ಎಲ್ಲ ಕಳೆದುಕೊಂಡು ಕೂತವನು. ಒಳಗೆ ಅವನು ಕಂಡದ್ದು ಅಲಂಕಾರವನ್ನಲ್ಲ, ನೋಟವನ್ನು. ಒಬ್ಬ ಮನುಷ್ಯ ಎಷ್ಟು ಪೂರ್ತಿಯಾಗಿ ನೋಡಬಲ್ಲ ಎಂಬುದನ್ನು. ಮತ್ತೆ, ಲಿಂಗ ಕೈಗೆ ಬಂದ ಮೇಲೆ ಅವನಿಗೆ ಆ ಗುಡಿ ಬೇಕಾಗಲಿಲ್ಲ. ಅಲ್ಲಿ ಮಠ ಕಟ್ಟಲಿಲ್ಲ, ಜಾತ್ರೆ ಕೂಡಿಸಲಿಲ್ಲ. ಹೊರಟುಬಿಟ್ಟ. ‘ಗುಹೇಶ್ವರ’ ಎಂಬ ಅಂಕಿತವನ್ನು ಮಾತ್ರ ಬದುಕಿಡೀ ಇಟ್ಟುಕೊಂಡ. ಗುಹೆ ಅವನೊಡನೆ ನಡೆದದ್ದು ಹೆಸರಾಗಿ.

ಕತೆಯ ತಾಣವನ್ನು ಅಳೆಯಲು ಇದರಿಂದ ಒಂದು ಅಳತೆಗೋಲು ಸಿಗುತ್ತದೆ ಎಂಬುದು ನನ್ನ ವಾದ. ತಾಣ ನಿಜವೋ ಕಟ್ಟಿದ್ದೋ, ಹಳೆಯದೋ ಹೊಸದೋ, ಪವಿತ್ರವೋ ಲೌಕಿಕವೋ ಎಂದು ಕೇಳುವುದರಿಂದ ಏನೂ ತೀರ್ಮಾನವಾಗುವುದಿಲ್ಲ. ಅದು ಬಂದವನಿಂದ ಏನು ಕೇಳುತ್ತದೆ, ಕೇಳಿದ್ದನ್ನು ಪಡೆದ ಮೇಲೆ ಅವನನ್ನು ಹೋಗಗೊಡುತ್ತದೆಯೋ ಇಲ್ಲವೋ ಎಂದು ಕೇಳಬೇಕು.

ಇದಕ್ಕೆ ಮೊದಲ ಆಕ್ಷೇಪ ಶ್ರದ್ಧಾವಂತರದು. ಕೆಫೆಯ ಕತೆ ಯಾರೋ ಕಾದಂಬರಿಕಾರ ಹೆಣೆದದ್ದು, ಕ್ಷೇತ್ರದ ಕತೆ ನಡೆದದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದೇ ತಪ್ಪು ಎನ್ನುತ್ತಾರೆ. ಆದರೆ ನಡೆದದ್ದು ಎಂಬ ನೆಲೆ ಅಷ್ಟು ಗಟ್ಟಿಯಿಲ್ಲ. ಹನುಮಂತ ಹುಟ್ಟಿದ್ದು ಆನೆಗೊಂದಿಯ ಅಂಜನಾದ್ರಿಯಲ್ಲಿ ಎಂದು ನಾವು ನಂಬಿದ್ದಾಗ, 2021ರಲ್ಲಿ ತಿರುಮಲ ತಿರುಪತಿ ದೇವಸ್ಥಾನದವರು ತಿರುಮಲೆಯ ಅಂಜನಾದ್ರಿಯೇ ಜನ್ಮಸ್ಥಳ ಎಂದು ಸಾರಿದರು. ಪುರಾಣ, ಶಾಸನ, ಭೂಗೋಳಗಳ ಪುರಾವೆ ಎರಡೂ ಕಡೆಯಿಂದ ಬಂತು. ಯಾರು ಗೆದ್ದರು ಎಂಬುದು ಮುಖ್ಯವಲ್ಲ. ಅಂಜನಾದ್ರಿಯ ಮೆಟ್ಟಿಲು ಹತ್ತುವವರ ಉಸಿರು ಆ ತಗಾದೆಯಿಂದ ಕಡಿಮೆಯೂ ಆಗಲಿಲ್ಲ, ಹೆಚ್ಚೂ ಆಗಲಿಲ್ಲ. ಹತ್ತಿದವನಿಗೆ ಆದದ್ದು ಹತ್ತಿದ್ದರಿಂದ ಆಯಿತು. ಇತ್ತ, ಕಟ್ಟುಕತೆಯೆಂದು ಎಲ್ಲರಿಗೂ ಗೊತ್ತಿರುವ ಊರೊಂದು ಶಿವಮೊಗ್ಗ ಜಿಲ್ಲೆಯಲ್ಲಿದೆ. ಆರ್.ಕೆ. ನಾರಾಯಣ್ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ನಲ್ಲಿ ಕಲ್ಪಿಸಿದ ಮಾಲ್ಗುಡಿಯನ್ನು ಶಂಕರ್‌ನಾಗ್ ಎಂಬತ್ತರ ದಶಕದಲ್ಲಿ ಟೀವಿ ಧಾರಾವಾಹಿಗಾಗಿ ಆಗುಂಬೆಯಲ್ಲೂ ಅರಸಾಳು ರೈಲು ನಿಲ್ದಾಣದಲ್ಲೂ ಚಿತ್ರೀಕರಿಸಿದರು. 2020ರಲ್ಲಿ ಆ ನಿಲ್ದಾಣದ ಹಳೆಯ ಕಟ್ಟಡವೇ ಮಾಲ್ಗುಡಿ ಮ್ಯೂಸಿಯಂ ಆಯಿತು, ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರ ಕೈಯಲ್ಲೇ. ಎಲ್ಲೂ ಇಲ್ಲದ ಊರಿಗೆ ಈಗ ರೈಲು ಹಿಡಿದು ಹೋಗಬಹುದು! ಲಂಡನ್ನಿನ ಬೇಕರ್ ಸ್ಟ್ರೀಟಿನಲ್ಲಿ ಹುಟ್ಟದೇ ಇದ್ದ ಷರ್ಲಾಕ್ ಹೋಮ್ಸನ ಮನೆ 1990ರಿಂದ ವಸ್ತುಸಂಗ್ರಹಾಲಯ. ವೆರೋನಾದಲ್ಲಿ ಜೂಲಿಯೆಟ್ ನಿಂತಳೆನ್ನುವ ಉಪ್ಪರಿಗೆಯನ್ನು ಮನೆಗೆ ಸೇರಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಹೋಗುವವರಿಗೆ ಇದೆಲ್ಲ ತಿಳಿಯದ್ದೇನಲ್ಲ, ತಿಳಿದೂ ಹೋಗುತ್ತಾರೆ.

ತಿಳಿದೂ ಹೋಗುವುದು ಮೋಸ ಹೋಗುವುದಲ್ಲ ಎಂದು ನಮ್ಮ ಆಲಂಕಾರಿಕರು ಸಾವಿರ ವರ್ಷದ ಹಿಂದೆಯೇ ವಿವರಿಸಿದ್ದಾರೆ. ರಂಗದ ಮೇಲಿನ ನಟನನ್ನು ರಾಮನೆಂದು ಗ್ರಹಿಸುವ ಪ್ರೇಕ್ಷಕನ ತಿಳಿವಳಿಕೆ ಎಂಥದ್ದು ಎಂಬ ಪ್ರಶ್ನೆಗೆ ಶ್ರೀಶಂಕುಕ ಚಿತ್ರದ ಕುದುರೆಯ ಉದಾಹರಣೆ ಕೊಟ್ಟ. ಗೋಡೆಯ ಮೇಲೆ ಬರೆದ ಕುದುರೆಯನ್ನು ಕುದುರೆ ಎನ್ನುತ್ತೇವೆ. ಆ ಮಾತು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯೂ ಅಲ್ಲ. ಇವುಗಳಾಚೆಗಿನ ಇನ್ನೊಂದು ಬಗೆಯ ಅರಿವು. ಶಂಕುಕನ ವಾದವನ್ನು ಮುಂದೆ ಅಭಿನವಗುಪ್ತ ಖಂಡಿಸಿದ, ಅದು ಬೇರೆ ಚರ್ಚೆ. ನಮ್ಮ ಕಡೆಯ ದೊಡ್ಡಾಟದಲ್ಲಿ ಕಿರೀಟ ಕಟ್ಟಿದವನು ನಿನ್ನೆ ತಮ್ಮ ಹೊಲದಲ್ಲಿ ಕಳೆ ಕಿತ್ತವನು ಎಂದು ಊರಿಗೆಲ್ಲ ಗೊತ್ತಿದ್ದೂ ಬೆಳಗಿನ ಜಾವಕ್ಕೆ ಅವನ ಕಾಲಿಗೆ ಬೀಳುವವರಿದ್ದಾರೆ. ಅವರು ಮೂಢರಲ್ಲ. ಆದ್ದರಿಂದ ಕೆಫೆಯ ಗೋಡೆಯ ಕಾಡು ಬಣ್ಣದ ಕಾಡು ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕಿದರೆ, ಬಯಲಾಟವನ್ನೂ ಬಂಡೆಯ ಮೇಲಿನ ಸೆರಗನ್ನೂ ತಳ್ಳಿಹಾಕಬೇಕಾಗುತ್ತದೆ. ದುಡ್ಡಿನ ಆಕ್ಷೇಪವಂತೂ ನಿಲ್ಲುವುದೇ ಇಲ್ಲ: ವಿಶೇಷ ದರ್ಶನದ ಚೀಟಿ ಮಾರುವ ಕಾಲದಲ್ಲಿ ಕೆಫೆಯ ಬಿಲ್ಲನ್ನು ಎತ್ತಿ ತೋರಿಸುವುದು ಚೆನ್ನಾಗಿರುವುದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? ಕುರುವಪುರಕ್ಕೆ ಜನ ಬಹುಕಾಲ ತೆಪ್ಪದಲ್ಲೋ ದೋಣಿಯಲ್ಲೋ ಹೋಗಿದ್ದಾರೆ. ಹೊಳೆ ತುಂಬಿ ಬಂದರೆ ಆ ದಿನ ದರ್ಶನವಿಲ್ಲ. ಹೊಳೆ ನಿಮ್ಮ ರಜೆಯ ದಿನ ನೋಡಿ ಇಳಿಯುವುದಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂಗೆ ಮುಸ್ಲಿಮರ ಜೊತೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ಕರ್ಬಲಾದ ಕತೆ ಇವರದ್ದಲ್ಲ, ಕಾಲ ದೇಶ ಭಾಷೆ ಯಾವುದೂ ಇವರದ್ದಲ್ಲ. ಆದರೂ ನೀರಿಲ್ಲದೆ ಸತ್ತವರ ಕತೆಯನ್ನು ನೆನೆಯುವ ಆ ದಿನಗಳಲ್ಲಿ ಹರಕೆ ಹೊತ್ತವರು ಉಪವಾಸ ಇರುತ್ತಾರೆ, ಅಲಾಯಿ ಕುಣಿ ಎಂಬ ಬೆಂಕಿಯ ಗುಂಡಿಯ ಸುತ್ತ ಕುಣಿಯುತ್ತಾರೆ, ಫಕೀರರಾಗುತ್ತಾರೆ. ಅಂಥ ತಾಣದಲ್ಲಿ ಕತೆಯ ನಾಯಕ ಇನ್ನೊಬ್ಬ. ಬಂದವನು ಅವನ ದುಃಖದಲ್ಲೋ ಸಂತೋಷದಲ್ಲೋ ಪಾಲು ತೆಗೆದುಕೊಳ್ಳುವ ಹಿಂಬಾಲಕ. ಕತೆಯ ಕೆಫೆಯ ವ್ಯವಸ್ಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಬೆಳಕು, ಕುರ್ಚಿ, ಗೋಡೆಯ ಬಣ್ಣ ಎಲ್ಲವೂ ಬಂದವನು ಚೆನ್ನಾಗಿ ಕಾಣಲೆಂದು ಇರುವಂಥವು. ಜನ ನಿಲ್ಲುವ ರೀತಿಯನ್ನೇ ನೋಡಿ: ಗರ್ಭಗುಡಿಯ ಮುಂದೆ ಮುಖ ಮೂರ್ತಿಯ ಕಡೆಗಿರುತ್ತದೆ, ಕೆಫೆಯ ಚಿತ್ರದ ಮುಂದೆ ಬೆನ್ನು ಚಿತ್ರದ ಕಡೆಗೆ, ಮುಖ ಫೋನಿನ ಕಡೆಗೆ. ದರ್ಶನವೆಂದರೆ ನಾವು ದೇವರನ್ನು ನೋಡುವಷ್ಟೇ ದೇವರು ನಮ್ಮನ್ನು ನೋಡುವುದೂ ಹೌದು ಎಂಬ ನಂಬಿಕೆ ನಮ್ಮಲ್ಲಿದೆ. ಆಲಿಸಳ ಬಿಲ ಯಾರನ್ನೂ ನೋಡುವುದಿಲ್ಲ, ಅದರ ಮುಂದೆ ನಿಂತವರೂ ಅದನ್ನು ನೋಡುವುದಿಲ್ಲ. ಆಲಿಸಳಾದರೋ ಬಿಲಕ್ಕೆ ಬಿದ್ದ ಮೇಲೆ ತಾನು ಯಾರೆಂಬುದನ್ನೇ ಮರೆತು ಗೋಳಾಡಿದವಳು. ಅವಳ ಕತೆ ಕೇಳುವುದು ಆ ಗಾಬರಿಯನ್ನು. ಕೆಫೆ ಬಿಲವನ್ನು ಉಳಿಸಿಕೊಂಡು ಗಾಬರಿಯನ್ನು ತೆಗೆದುಹಾಕಿದೆ.

ಇಲ್ಲಿಗೆ ಬಂದಾಗ ಬಹಳ ಗಂಭೀರವಾದ ಎರಡನೆಯ ಆಕ್ಷೇಪ ಎದ್ದು ನಿಲ್ಲುತ್ತದೆ. ‘ಕೇಳುವ ತಾಣ’ ಎಂದು ಹೊಗಳುತ್ತೀರಲ್ಲ, ನಮ್ಮ ಗುಡಿಗಳು ಮೊದಲು ಕೇಳಿದ್ದು ಏನನ್ನು? ಜಾತಿಯನ್ನು. 2021ರಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ದಲಿತ ಮಗು ಹನುಮಂತನ ಗುಡಿಯೊಳಗೆ ಓಡಿಹೋಯಿತೆಂದು ಆ ಕುಟುಂಬಕ್ಕೆ ದಂಡ ಹಾಕಿದ ಸುದ್ದಿ ದೇಶವೆಲ್ಲ ಓದಿತು. ಅಂಜನಾದ್ರಿಯಿರುವ ಜಿಲ್ಲೆಯಲ್ಲೇ ನಡೆದದ್ದು ಅದು. ಬೆಂಗಳೂರಿನ ಕೆಫೆ ಯಾವ ಮಗುವನ್ನೂ ಹಾಗೆ ತಡೆಯುವುದಿಲ್ಲ. ಏನೂ ಕೇಳದ ಜಾಗದ ದೊಡ್ಡಸ್ತಿಕೆ ಏನೆಂದು ಕೇಳಿಸಿಕೊಂಡು ಕೇಳಿಸಿಕೊಂಡು ಸಾಕಾದವರಿಗೆ ಗೊತ್ತು. ಊರಿನ ಹೋಟೆಲಿನಲ್ಲಿ ಬೇರೆ ಲೋಟ ಕಂಡ ಮನೆಯ ಹುಡುಗ ಬೆಂಗಳೂರಿನ ಕೆಫೆಯ ಪೊಟರೆ-ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋದಾಗ ಅವನಿಗೆ ಸಿಗುವ ನೆಮ್ಮದಿಯನ್ನು ಷೋಕಿ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದು ವಾದವನ್ನು ಕೆಡವುವುದಿಲ್ಲ, ಹರಿತಗೊಳಿಸುತ್ತದೆ. ಹುಟ್ಟನ್ನು ಕೇಳುವುದು ಕೇಳುವುದೇ ಅಲ್ಲ, ಏಕೆಂದರೆ ಹುಟ್ಟನ್ನು ಯಾರೂ ಕೊಡಲಾರರು, ಬಿಡಲಾರರು. ಅದು ಬಾಗಿಲು ಹಾಕಿಕೊಳ್ಳುವುದು. ಕೇಳುವ ಹಕ್ಕು ಇರುವುದು ಎಲ್ಲರೂ ಕೊಡಬಲ್ಲದ್ದನ್ನು ಮಾತ್ರ: ಹೊತ್ತು, ದಣಿವು, ಹಸಿವು, ಗಮನ, ಅಹಂಕಾರ. ಕಲ್ಯಾಣದ ಶರಣರು ಮಾಡಿದ್ದು ಇದನ್ನೇ. ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ಕರೆದ ಆ ಕೂಟದಲ್ಲಿ ಹುಟ್ಟಿನ ಲೆಕ್ಕ ಕೇಳುವಂತಿರಲಿಲ್ಲ, ನಡೆಯ ಲೆಕ್ಕ ಕೊಡದೆ ಕೂರುವಂತಿರಲಿಲ್ಲ. ಜೊತೆಗೆ ಇನ್ನೊಂದನ್ನೂ ಹೇಳಿಬಿಡಬೇಕು: ಕೆಫೆಯೂ ಎಲ್ಲರಿಗೂ ತೆರೆದಿಲ್ಲ. ಅದು ಜಾತಿಯ ಬದಲು ಜೇಬು ನೋಡುತ್ತದೆ. ಜೇಬು ತುಂಬಿಕೊಳ್ಳಬಹುದು, ಜಾತಿ ಬದಲಿಸಲಾಗದು ಎಂಬಷ್ಟರ ಮಟ್ಟಿಗೆ ಕೆಫೆಯೇ ಮೇಲು.

ಮೂರನೆಯ ಆಕ್ಷೇಪ ಅಲ್ಲಮನದೇ. ಗೂಗಲ್‌ನ ಗವಿಯನ್ನು ಹೊಗಳಲು ಅಲ್ಲಮನನ್ನು ಕರೆದರೆ ಅವನು ಬರುವುದಿಲ್ಲ. ‘ಶೂನ್ಯಸಂಪಾದನೆ’ಯಲ್ಲಿ ಅವನು ಸೊನ್ನಲಿಗೆಗೆ, ಈಗಿನ ಸೊಲ್ಲಾಪುರಕ್ಕೆ, ಹೋಗುತ್ತಾನೆ. ಸಿದ್ಧರಾಮ ಅಲ್ಲಿ ಗುಡಿ ಕಟ್ಟಿಸುತ್ತ, ಕೆರೆ ತೋಡಿಸುತ್ತ ಊರನ್ನೇ ಕ್ಷೇತ್ರ ಮಾಡುತ್ತಿದ್ದ. ಅಲ್ಲಮ ಅವನನ್ನು ಒಡ್ಡನೆಂದು ಕರೆದು ಕೆಣಕುತ್ತಾನೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲು ಎಸೆಯುತ್ತಾರೆ, ಆ ಕಲ್ಲು ಅವನಿಗೆ ತಾಗುವುದಿಲ್ಲ. ಕಲ್ಲಿನ ತಾಣ ಕಟ್ಟುವವನಿಗೆ ಕಟ್ಟಿದವನೆಂಬ ಅಹಂಕಾರ ಉಳಿದೇ ಉಳಿಯುತ್ತದೆ ಎಂಬುದು ಅಲ್ಲಮನ ತಕರಾರು. ಸಿದ್ಧಯೋಗಿ ಗೋರಕ್ಷನ ಪ್ರಸಂಗ ಇನ್ನೂ ಕಟುವಾದದ್ದು. ಗೋರಕ್ಷನ ವಜ್ರದ ಮೈಗೆ ಕತ್ತಿ ಬೀಸಿದರೆ ಖಣಿಲೆಂದಿತು. ಅಲ್ಲಮನ ಮೈಗೆ ಬೀಸಿದರೆ ಕತ್ತಿ ಬಯಲಲ್ಲಿ ಆಡಿದಂತೆ ಆಡಿತು. ಮೈಯೇ ತಾಣವಾಗಿ ಉಳಿಯದವನಿಗೆ ಗವಿ ಯಾವ ಲೆಕ್ಕ? ಹೀಗಿರುವಾಗ ಅವನ ಹೆಸರಿನಲ್ಲಿ ಗುಡಿ, ತೇರು, ಕಾಯಿ ಕರ್ಪೂರ ವಿಪರ್ಯಾಸವಲ್ಲವೇ? ವಿಪರ್ಯಾಸವೇ. ಆದರೆ ಅಲ್ಲಮ ಸಿದ್ಧರಾಮನ ಕೆರೆಯನ್ನು ಮುಚ್ಚಿಸಲಿಲ್ಲ, ಗುಡಿಯನ್ನು ಕೆಡವಿಸಲಿಲ್ಲ. ಸಿದ್ಧರಾಮನನ್ನು ಎಬ್ಬಿಸಿಕೊಂಡು ಕಲ್ಯಾಣಕ್ಕೆ ಕರೆದೊಯ್ದ. ಕೆರೆ ಇಂದಿಗೂ ಸೊಲ್ಲಾಪುರದ ನಡುವೆ ಇದೆ. ತಾಣ ತಪ್ಪಲ್ಲ, ತಾಣದಲ್ಲಿ ತಂಗಿಬಿಡುವುದು ತಪ್ಪು. ನಾನು ಮೊದಲು ಹೇಳಿದ ಅಳತೆಗೋಲಿನ ಎರಡನೆಯ ಭಾಗ, ‘ಹೋಗಗೊಡುತ್ತದೆಯೋ ಇಲ್ಲವೋ’ ಎಂಬುದು, ಇಲ್ಲಿಂದ ಬಂದದ್ದು.

ಈ ಅಳತೆ ಎರಡೂ ಕಡೆ ಕೊಯ್ಯುತ್ತದೆ. ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರನಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗದ ಮೇಲೆ ಬೀಳುತ್ತದೆ. ಕಲ್ಲು ಕಡಿದವರು ಸೂರ್ಯನ ಚಲನೆಯನ್ನು ಅಷ್ಟು ತಾಳ್ಮೆಯಿಂದ ಗಮನಿಸಿದ್ದರು. ನೋಡುವವರಿಂದ ಅವರು ಬೇಡಿದ್ದೂ ಅಂಥದೇ ತಾಳ್ಮೆಯನ್ನು. ಈಗ ಆ ಕೆಲವು ನಿಮಿಷಗಳನ್ನು ಟೀವಿಗಳು ನೇರಪ್ರಸಾರ ಮಾಡುತ್ತವೆ, ನಿರೂಪಕರು ಒಂದೇ ಉಸಿರಿನಲ್ಲಿ ಅದರಿಂದ ವರ್ಷಭವಿಷ್ಯ ತೆಗೆಯುತ್ತಾರೆ. ಮಲ್ಲೇಶ್ವರದಲ್ಲಿ ಕಾಡು ಮಲ್ಲೇಶ್ವರನ ಎದುರು 1997ರಲ್ಲಿ ನೆಲ ಅಗೆದಾಗ ಮಣ್ಣಿನಡಿ ನಂದಿತೀರ್ಥ ಸಿಕ್ಕಿತು: ನಂದಿಯ ಬಾಯಿಂದ ಕೆಳಗಿನ ಲಿಂಗದ ಮೇಲೆ ನೀರು ಬೀಳುವ ಕಲ್ಯಾಣಿ. ಹರಿಹರನ ರಗಳೆಯ ಕಳಸ ಮಹಾನಗರದ ನಡುವೆಯೇ ಮತ್ತೊಮ್ಮೆ ಕಂಡಂತಾಯಿತು. ಅದೂ ಈಗ ‘ಗುಪ್ತ ತಾಣ’ಗಳ ಪಟ್ಟಿಯಲ್ಲಿದೆ, ಐದು ನಿಮಿಷ, ಎರಡು ಫೋಟೊ, ಮುಂದಿನ ಜಾಗ. ಗೂಗಲ್‌ನಲ್ಲೂ ಹೊಳೆಯ ಬ್ಯಾರೇಜು ಬಂದಿದೆ, ನೀರಿಗೆ ಬೆನ್ನು ಮಾಡಿ ನಿಲ್ಲುವ ಅಭ್ಯಾಸ ಯಾವ ಊರನ್ನೂ ಬಿಟ್ಟಿಲ್ಲ. ಕ್ಷೇತ್ರ ಕೆಫೆಯಾಗಲು ಗೋಡೆಗೆ ಬಣ್ಣ ಬಳಿಯಬೇಕಾಗಿಲ್ಲ.

ಇತ್ತ, ಕೆಫೆಯೂ ಕೇಳುವ ಜಾಗವಾಗಬಹುದು. ವಸಂತನಗರದ ಎಡ್ವರ್ಡ್ ರಸ್ತೆಯಲ್ಲಿ 2019ರಲ್ಲಿ ಶುರುವಾದ ಚಂಪಕ ಪುಸ್ತಕದಂಗಡಿಯಲ್ಲಿ ಕಾಫಿಯೂ ಸಿಗುತ್ತದೆ, ಕಿಟಕಿಯಾಚೆ ಮರಗಳೂ ಇವೆ. ಆದರೆ ಅಲ್ಲಿ ಗೋಡೆ ತುಂಬಿರುವುದು ಓದಬಹುದಾದ ಪುಸ್ತಕಗಳಿಂದ, ಮತ್ತು ಪುಸ್ತಕಕ್ಕೆ ಬೆನ್ನು ಮಾಡಿ ಓದಲು ಬರುವುದಿಲ್ಲ. ಅಲಂಕಾರಕ್ಕೆಂದು ಸೂರಿನಿಂದ ತೂಗುಬಿಟ್ಟ ಪುಸ್ತಕ ಯಾರ ಕೈಗೂ ಎಟುಕುವುದಿಲ್ಲ. ನನಗೆ ಆ ಅಲಂಕಾರದಷ್ಟು ಸಿಟ್ಟು ತರಿಸುವುದು ಬೇರೊಂದಿಲ್ಲ. ಮಕ್ಕಳ ವಿಷಯ ಬೇರೆ. ಐದು ವರ್ಷದ ಮಗು ಪೊಟರೆಯ ಬಾಗಿಲನ್ನು ಹೊಕ್ಕರೆ ಯಾರೂ ಕೇಳದೆಯೇ ತನ್ನ ಪೂರ್ತಿ ಗಮನವನ್ನು ಕೊಟ್ಟುಬಿಡುತ್ತದೆ, ಮೊಲ ಎಲ್ಲಿ ಎಂದು ಹುಡುಕುತ್ತದೆ, ಸಂಜೆಗೆ ಅದನ್ನು ಬಿಟ್ಟು ಬೇರೆ ಆಟಕ್ಕೆ ಹೋಗುತ್ತದೆ. ಅಲ್ಲಮನ ಅಳತೆಯಲ್ಲಿ ಪಾಸಾಗುವುದು ಆ ಮಗು ಮಾತ್ರವೇನೋ. ‘ಇದೆಲ್ಲ ಬರೀ ಆಟ, ಇಷ್ಟು ಭಾರ ಹೊರಿಸಬೇಡಿ’ ಎನ್ನುವ ದೊಡ್ಡವರಿಗೂ ಇದನ್ನೇ ಹೇಳಬೇಕು: ಆಟವೆಂದರೆ ಮೈಮರೆಯುವುದು. ಮೂವತ್ತು ಸಲ ಮುಖ ತಿರುಗಿಸಿ ಫೋಟೊ ತೆಗೆಸಿಕೊಳ್ಳುವವರು ಮೈಮರೆತಿರುವುದಿಲ್ಲ, ಮೈಯನ್ನೇ ನೆನೆಯುತ್ತಿರುತ್ತಾರೆ.

ಕತೆಯ ಕೆಫೆ ನಡೆಸುವವರಲ್ಲಿ ಒಂದು ಬೇಡಿಕೆ. ಗೋಡೆಯ ಮೇಲೆ ಯಾವ ಕತೆ ಬರೆಸಿದ್ದೀರೋ ಆ ಕತೆಯ ಪುಸ್ತಕವನ್ನು ಪ್ರತಿ ಮೇಜಿನ ಮೇಲೂ ಇಡಿ, ಕನ್ನಡದ್ದನ್ನೂ ಇಡಿ. ಇಂಗ್ಲೆಂಡಿನ ಮೊಲದ ಬಿಲದ ಪಕ್ಕದಲ್ಲಿ ಬಳ್ಳಿಗಾವೆಯ ಮದ್ದಳೆಯವನ ಕಳಸಕ್ಕೂ ಜಾಗವಿದೆ. ಗೂಗಲ್‌ನ ಗುಡಿಯವರಲ್ಲೂ ಅಂಥದೇ ಬೇಡಿಕೆ: ಕಾಯಿ ಕರ್ಪೂರದ ಅಂಗಡಿಗಳ ಸಾಲಿನಲ್ಲಿ ಅಲ್ಲಮನ ವಚನಗಳ ಪುಸ್ತಕ ಮಾರುವ ಅಂಗಡಿಯೂ ಒಂದಿರಲಿ. ಹೋಗುವವರು ಎರಡು ಕಡೆಗೂ ಹೋಗಿ, ಯಾವುದೂ ಪಾಪವಲ್ಲ. ಗೋಡೆಯ ಕತೆಯನ್ನು ಓದಿಕೊಂಡು ಕೆಫೆಗೆ ಹೋಗಿ, ಒಂದಷ್ಟು ವಚನ ಓದಿಕೊಂಡು ಗವಿಗೆ ಹೋಗಿ. ಎರಡೂ ಆಗದವರು ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣೆ-ಮಿರ್ಚಿ ತಿಂದು, ಚಾ ಕುಡಿದು ವಾಪಸಾದರೂ ನಷ್ಟವೇನಿಲ್ಲ.